ಸೌಂದರ್ಯ ಯಾರ ಸ್ವತ್ತು?

ಸುಂದರವಾದುದನ್ನು ಕಂಡಾಗ ಅದು ತನ್ನದಾಗಬೇಕೆಂದು ಬಯಸುವುದು ಮಾನವ ಸಹಜ ಗುಣ. ಆದರೆ ಮೆಚ್ಚಿದ್ದನ್ನೆಲ್ಲ ಪಡೆದುಕೊಳ್ಳುವ ಹಕ್ಕು ನಮಗಿದೆಯೇ? ಬೆರಳುದ್ದದ ಒಂದು ಹಲ್ಲಿ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಪೂರ್ವ ಆಫ್ರಿಕಾದ ತಾಂಜಾನಿಯಾದಲ್ಲಿ, ಉಲುಗುರು ಪರ್ವತಗಳ ತಪ್ಪಲಿನಲ್ಲಿ ಕಿಂಬೋಜಾ ಎಂಬ ಕಾಡಿದೆ. ಅದರ ವಿಸ್ತಾರ ಸುಮಾರು 4 ಚದರ ಕಿಲೋಮೀಟರ್ ಮಾತ್ರ. ಆ ಕಾಡು ಹಾಗೂ ಆಸುಪಾಸಿನ ಕೆಲವು ತುಣುಕುಗಳನ್ನು ಬಿಟ್ಟರೆ ಈ ಹಲ್ಲಿಗೆ ಜಗತ್ತಿನಲ್ಲಿ ಬೇರೆ ನೆಲೆಯಿಲ್ಲ. ಗಂಡು ಹಲ್ಲಿಯದು ಹೊಳೆಯುವ ನೀಲಿ ಮೈ, ಹೆಣ್ಣಿನದು ಹಸಿರು ಛಾಯೆ. ನಮ್ಮ ಕೇದಗೆಯ ಕುಲಕ್ಕೆ ಸೇರಿದ ಮರದ ಎಲೆಗಳ ನಡುವೆಯೇ ಅದರ ಬಾಳು.

ಈ ನೀಲಿಯೇ ಅದಕ್ಕೆ ಮುಳುವಾಯಿತು. ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವ ಹವ್ಯಾಸಿಗಳು ದೂರದೇಶಗಳಲ್ಲಿ ಅದನ್ನು ಬಯಸಿದರು. 2004ರ ಕೊನೆಯಿಂದ 2009ರ ನಡುವೆ ಒಂದೇ ತಂಡ ಕನಿಷ್ಠ 32,000 ಹಲ್ಲಿಗಳನ್ನು ಹಿಡಿದೊಯ್ದಿತೆಂದು ಸಂಶೋಧಕರು 2012ರಲ್ಲಿ ವರದಿ ಮಾಡಿದರು. ಎತ್ತರದಲ್ಲಿದ್ದವುಗಳನ್ನು ಹಿಡಿಯಲು ಮರಗಳನ್ನೇ ಕಡಿದುರುಳಿಸಲಾಯಿತು. ಹೀಗೆ ಹಲ್ಲಿಯೊಂದಿಗೆ ಅದರ ಮನೆಯೂ ಹೋಯಿತು.

ಇಲ್ಲಿ ತಪ್ಪು ಯಾರದು? ಕೊಂಡವರಲ್ಲಿ ಬಹುಪಾಲು ಜನ ಕ್ರೂರಿಗಳಾಗಿರಲಾರರು. ಅವರು ಆ ಜೀವಿಯನ್ನು ಅಕ್ಕರೆಯಿಂದಲೇ ಸಾಕಿರಬಹುದು. 'ನಾನು ಕೊಂಡದ್ದು ಒಂದೇ ಒಂದು' ಎಂಬ ಸಮಾಧಾನವೂ ಅವರಿಗಿದ್ದೀತು. ಆದರೆ ಸಾವಿರಾರು ಜನರ 'ಒಂದೇ ಒಂದು' ಸೇರಿ ಕಾಡು ಬರಿದಾಗುತ್ತದೆ. ಕೊಡಲಿ ಹಿಡಿದವನ ಕೈಯಷ್ಟೇ ನಮಗೆ ಕಾಣುತ್ತದೆ. ಆ ಕೈಯನ್ನು ನಡೆಸಿದ ಬಯಕೆ ಕಾಣುವುದಿಲ್ಲ.

'ಒಂದು ಹಲ್ಲಿ ಅಳಿದರೆ ಮನುಷ್ಯನಿಗೇನು ನಷ್ಟ?' ಎಂದು ಕೇಳುವವರಿದ್ದಾರೆ. ನಮಗೆ ಉಪಯೋಗವಿದ್ದರಷ್ಟೇ ಒಂದು ಜೀವಕ್ಕೆ ಬೆಲೆ ಎನ್ನುವುದಾದರೆ, ಮನೆಯಲ್ಲಿ ಹಾಸಿಗೆ ಹಿಡಿದ ವೃದ್ಧರ ಬೆಲೆಯನ್ನು ಯಾವ ತಕ್ಕಡಿಯಲ್ಲಿ ತೂಗೋಣ? ಮನುಷ್ಯನೂ ಹಲ್ಲಿಯೂ ಸಮಾನರೆಂದು ಇದರ ಅರ್ಥವಲ್ಲ. ಉಪಯೋಗವೊಂದೇ ಅಳತೆಗೋಲಾದರೆ ಅದು ಹಲ್ಲಿಯ ಬಳಿಗೇ ನಿಲ್ಲುವುದಿಲ್ಲ ಎಂಬುದಷ್ಟೇ ಮಾತು.

'ಪಂಜರದಲ್ಲೇ ಮರಿ ಮಾಡಿಸಿ ಉಳಿಸಬಹುದಲ್ಲ?' ಎಂಬ ವಾದವೂ ಇದೆ. ಹಾಗೆ ಮರಿ ಮಾಡಿಸುವುದು ಸಾಧ್ಯ. ಅದರಿಂದ ವಂಶ ಉಳಿದೀತು. ಆದರೆ ಮರ, ಮಳೆ, ನೆರಳುಗಳೊಡನೆ ಅದು ಬಾಳುತ್ತಿದ್ದ ಬಾಳು ಉಳಿಯದು.

2016ರಲ್ಲಿ ರಾಷ್ಟ್ರಗಳು ಸಭೆ ಸೇರಿ, ಕಾಡಿನಿಂದ ಹಿಡಿದ ಈ ಹಲ್ಲಿಯ ಅಂತರರಾಷ್ಟ್ರೀಯ ವಾಣಿಜ್ಯ ವ್ಯಾಪಾರವನ್ನು ನಿಷೇಧಿಸಲು ನಿರ್ಧರಿಸಿದವು. ಕಾನೂನು ಗಡಿಯಲ್ಲಿ ಪೆಟ್ಟಿಗೆಯನ್ನು ತಡೆಯಬಲ್ಲದು, ಮನಸ್ಸಿನ ಆಸೆಯನ್ನು ತಡೆಯಲಾರದು. ಆ ಶಿಕ್ಷಣ ಮನೆಯಲ್ಲೇ ಆರಂಭವಾಗಬೇಕು. ಚಿಟ್ಟೆಯನ್ನು ಹಿಡಿಯಹೊರಟ ಮಗುವಿಗೆ, ಹಿಡಿಯದೆಯೂ ನೋಡಿ ಸಂತೋಷಪಡಬಹುದೆಂದು ಕಲಿಸುವುದು ಅದರ ಮೊದಲ ಪಾಠ.