ಕಲಿಯುವ ಕೈ, ಕೊಡುವ ಮೈ

ಬಡಗಿಯ ಮಗ ಕೆಲಸ ಕಲಿಯುವಾಗ ಒಂದೆರಡು ಹಲಗೆ ಹಾಳಾಗುತ್ತವೆ. ದರ್ಜಿಯ ಶಿಷ್ಯ ಕಲಿಯುವಾಗ ಒಂದೆರಡು ಗಜ ಬಟ್ಟೆ ಹಾಳಾಗುತ್ತದೆ. ಶಸ್ತ್ರವೈದ್ಯನಾಗಬೇಕಾದವನು ಮಾತ್ರ ಕೊನೆಗೆ ಮನುಷ್ಯನ ಮೈಮೇಲೆಯೇ ಕಲಿಯಬೇಕು. ಅವನು ಕಲಿಯದಿದ್ದರೆ ನಾಳೆ ನಮಗೆ ವೈದ್ಯರಿಲ್ಲ. ಕಲಿಯಬೇಕೆಂದರೆ ಇಂದು ಯಾರದೋ ಮೈ ಬೇಕು. ಆ ಮೈ ಹೆಚ್ಚಾಗಿ ಸರಕಾರಿ ಆಸ್ಪತ್ರೆಯನ್ನೇ ನಂಬಿದ ಬಡವನದು. ಹಾಗಾದರೆ ಕಲಿಯುವ ಕೈ ಕೊಡುವ ಮೈಗೆ ತೀರಿಸಬೇಕಾದ ಋಣವೇನು? ತನ್ನ ಕೆಲಸದ ಪ್ರಾಮಾಣಿಕ ಲೆಕ್ಕವನ್ನಾದರೂ ಇಡಬೇಕು ಎಂಬುದು ನನ್ನ ಅಭಿಪ್ರಾಯ.

ಮೂತ್ರಕೋಶದ ಗಡ್ಡೆಯ ಶಸ್ತ್ರಕ್ರಿಯೆ ಇದಕ್ಕೊಂದು ಒಳ್ಳೆಯ ಉದಾಹರಣೆ. ನೋವಿಲ್ಲದೆ ಮೂತ್ರದಲ್ಲಿ ರಕ್ತ ಬರುವುದು ಈ ರೋಗದ ಸಾಮಾನ್ಯ ಸೂಚನೆ. ವೈದ್ಯರು ಮೂತ್ರನಾಳದ ಮೂಲಕವೇ ಸಾಧನವನ್ನು ಒಳಗಿಳಿಸಿ, ವಿದ್ಯುತ್ ಹರಿಯುವ ತಂತಿಯ ಕುಣಿಕೆಯಿಂದ ಗಡ್ಡೆಯನ್ನು ಚೂರುಚೂರಾಗಿ ಕೆತ್ತಿ ತೆಗೆಯುತ್ತಾರೆ. ಕೆತ್ತಿದ್ದು ಸಾಲದಾದರೆ ರೋಗ ಒಳಗೇ ಉಳಿಯುತ್ತದೆ. ಹೆಚ್ಚಾದರೆ ಕೋಶ ತೂತಾಗುತ್ತದೆ. ಹೊರಗೆ ಗಾಯವೂ ಇಲ್ಲ, ಹೊಲಿಗೆಯೂ ಇಲ್ಲ. ಕೆಲಸ ಚೆನ್ನಾಯಿತೋ ಇಲ್ಲವೋ ಎಂದು ರೋಗಿಗಾಗಲಿ ಅವನ ಮನೆಯವರಿಗಾಗಲಿ ತಿಳಿಯುವ ದಾರಿಯೇ ಇಲ್ಲ.

ವೈದ್ಯರಿಗೆ ಮಾತ್ರ ಎರಡು ಗುರುತುಗಳಿವೆ. ಕೆತ್ತಿದ ಚೂರುಗಳಲ್ಲಿ ಕೋಶದ ಗೋಡೆಯ ಸ್ನಾಯು ಇದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಒಂದು. ಇದ್ದರೆ ಕೈ ಸಾಕಷ್ಟು ಆಳಕ್ಕೆ ಹೋಗಿದೆ ಎಂದರ್ಥ. ಸುಮಾರು ಮೂರು ತಿಂಗಳ ನಂತರ ಮತ್ತೆ ಒಳಗೆ ದುರ್ಬೀನು ಇಳಿಸಿ, ಗಡ್ಡೆ ಮರುಕಳಿಸಿದೆಯೇ ಎಂದು ನೋಡುವುದು ಇನ್ನೊಂದು. ಯೂರೋಪಿನ ಹಲವು ಆಸ್ಪತ್ರೆಗಳ 2,000ಕ್ಕೂ ಹೆಚ್ಚು ರೋಗಿಗಳ ಲೆಕ್ಕ 2002ರಲ್ಲಿ ಪ್ರಕಟವಾಯಿತು. ಒಂದೇ ಗಡ್ಡೆಯಿದ್ದವರಲ್ಲಿ ಮೊದಲ ಮರುಪರೀಕ್ಷೆಯ ಹೊತ್ತಿಗೆ ರೋಗ ಮತ್ತೆ ಕಂಡದ್ದು ಒಂದು ಕಡೆ ನೂರಕ್ಕೆ ಮೂರು ನಾಲ್ಕು ಮಂದಿಗೆ, ಇನ್ನೊಂದು ಕಡೆ ಇಪ್ಪತ್ತು ಮಂದಿಗೆ. ಇಷ್ಟು ಅಂತರಕ್ಕೆ ಕೆತ್ತಿದ ಕೈಯೇ ಕಾರಣವಿರಬೇಕೆಂದು ಅಧ್ಯಯನ ಮಾಡಿದವರು ಹೇಳಿದರು. ಆದ್ದರಿಂದ ವಿದ್ಯಾರ್ಥಿ ಎಷ್ಟು ಶಸ್ತ್ರಕ್ರಿಯೆ ಮಾಡಿದನೆಂದು ಪುಸ್ತಕದಲ್ಲಿ ಬರೆದಿಟ್ಟರೆ ಸಾಲದು, ಹೇಗೆ ಮಾಡಿದನೆಂದೂ ಅಳೆಯಬೇಕು.

ಆದರೆ ಶಿಕ್ಷಣಕ್ಕಾಗಿ ಅಳೆಯುವುದು ಬೇರೆ, ಶಿಕ್ಷೆಗಾಗಿ ಅಳೆಯುವುದು ಬೇರೆ. ಅಂಕ ಕಡಿಮೆಯಾದೀತೆಂಬ ಭಯ ಹುಟ್ಟಿದರೆ ವೈದ್ಯರು ಕಷ್ಟದ ರೋಗಿಯನ್ನು ಬೇರೆಡೆಗೆ ಸಾಗಹಾಕಿಯಾರು. ಇದಕ್ಕಿಂತ ದೊಡ್ಡದೊಂದು ಅಪಾಯವಿದೆ. ಅದು ಅಳತೆಯ ಹೊರಗೆ ಉಳಿದದ್ದನ್ನು ಮರೆಯುವುದು. ಇದಕ್ಕೆ ನಿದರ್ಶನ ಹೈದರಾಬಾದಿನಲ್ಲೇ ಇದೆ. ಅಲ್ಲಿ 1888 ಮತ್ತು 1889ರಲ್ಲಿ ನಿಜಾಮ್ ಸರಕಾರದ ಹಣದಿಂದ ಎರಡು ಕ್ಲೋರೋಫಾರ್ಮ್ ಆಯೋಗಗಳು ನಡೆದವು. ಎಡ್ವರ್ಡ್ ಲಾರಿಯವರ ನೇತೃತ್ವದಲ್ಲಿ ನೂರಾರು ನಾಯಿಗಳ ಮೇಲೆ ಪ್ರಯೋಗ ಮಾಡಿ, ಈ ಔಷಧ ನೇರವಾಗಿ ಹೃದಯವನ್ನು ನಿಲ್ಲಿಸದು, ಉಸಿರಾಟವನ್ನು ನೋಡಿಕೊಂಡರೆ ಸಾಕು ಎಂದು ತೀರ್ಮಾನಿಸಿದರು. 1911ರಲ್ಲಿ ಗುಡ್‌ಮನ್ ಲೆವಿ, ಕ್ಲೋರೋಫಾರ್ಮ್ ಹೃದಯದ ಬಡಿತವನ್ನೇ ಕೆಡಿಸಿ ಕೊಲ್ಲಬಲ್ಲದೆಂದು ತೋರಿಸಿದರು. ಶ್ರದ್ಧೆಯಿಂದ ಅಳೆದವರೇ ತಮ್ಮ ಅಳತೆಗೆ ಸಿಕ್ಕದ್ದನ್ನು ಇಲ್ಲವೆಂದು ನಂಬಿದ್ದರು.

ಮೂರು ತಿಂಗಳ ಮರುಪರೀಕ್ಷೆಯಲ್ಲೂ ಹೀಗೆ ಅಳತೆಗೆ ಸಿಕ್ಕದವನೊಬ್ಬನಿದ್ದಾನೆ. ಅವನು ಮರಳಿ ಬಾರದ ರೋಗಿ. ಕೊಹೀರ್ ಸುತ್ತಿನ ಕನ್ನಡಿಗ ರೈತನೊಬ್ಬನನ್ನು ನೆನೆಯೋಣ. ಜಹೀರಾಬಾದ್, ನಾರಾಯಣಖೇಡ 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಈಗ ಅವನು ಬೀದರಿಗೆ ಹೋದರೆ ಬೇರೆ ರಾಜ್ಯ, ಹೈದರಾಬಾದಿಗೆ ಹೋದರೆ ಬೇರೆ ಭಾಷೆ. ಮನೆಯಲ್ಲಿ ಕನ್ನಡ, ಕೈಗೆ ಕೊಟ್ಟ ಚೀಟಿ ಇಂಗ್ಲಿಷಿನಲ್ಲಿ. ರಕ್ತ ನಿಂತಿದೆ, ನೋವಿಲ್ಲ, ಬಸ್ಸಿನ ಖರ್ಚಿದೆ, ದಿನದ ಕೂಲಿ ಹೋಗುತ್ತದೆ. ಅವನು ಏಕೆ ಬಂದಾನು? ಕಾಸರಗೋಡಿನಿಂದ ಮಂಗಳೂರಿಗೆ ಗಡಿ ದಾಟಿ ಚಿಕಿತ್ಸೆಗೆ ಹೋಗುವ ನಮ್ಮ ಮನೆಗಳಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಾರದವನನ್ನು ಲೆಕ್ಕದಿಂದ ಬಿಟ್ಟರೂ, ಗುಣವಾದವನೆಂದು ಬರೆದುಕೊಂಡರೂ ಕಲಿಯುವವನಿಗೆ ದೊರೆಯುವುದು ಸುಳ್ಳು ಪಾಠ. ತನ್ನ ಕೈ ಪಳಗಿದೆಯೆಂದು ಅವನು ತಿಳಿಯುತ್ತಾನೆ. ಆ ಗಡ್ಡೆ ಹಳ್ಳಿಯ ಮನೆಯೊಂದರಲ್ಲಿ ಮತ್ತೆ ಬೆಳೆಯುತ್ತಿರಬಹುದು. ರೋಗಿ ಬಾರದಿದ್ದುದು ವೈದ್ಯನ ತಪ್ಪೇ ಎಂದು ಕೇಳಬಹುದು. ತಪ್ಪಲ್ಲದಿರಬಹುದು, ಆದರೆ ಅವನಿಗೆ ಏನಾಯಿತೆಂದು ತಿಳಿಯದೆ ಕಲಿಕೆ ಪೂರ್ಣವಾಗದು. ಆದ್ದರಿಂದ ಯಾವಾಗ, ಏಕೆ ಮರಳಿ ಬರಬೇಕೆಂಬುದನ್ನು ರೋಗಿಗೆ ಅವನ ಭಾಷೆಯಲ್ಲಿ ಹೇಳುವುದು, ಬರೆದುಕೊಡುವುದು, ಬಾರದಿದ್ದರೆ ವಿಚಾರಿಸುವುದು ದಯೆಯ ಕೆಲಸವೆಂದು ತಿಳಿಯಬಾರದು. ಅದು ಅಳತೆಯದೇ ಒಂದು ಭಾಗ. ವಿಚಾರಿಸಿಯೂ ಸಿಗದವನ ಹೆಸರಿನ ಮುಂದೆ 'ತಿಳಿಯದು' ಎಂದು ಬರೆಯುವ ಧೈರ್ಯವೂ ಬೇಕು.

ಎಣಿಕೆಯಿಂದ ಜಾರಿಹೋಗುವುದು ಗಡಿನಾಡಿನವರಿಗೆ ಹೊಸತಲ್ಲ. ಆದರೆ ಕಲಿಯುವ ಕೈಗೆ ಮೈ ಕೊಟ್ಟವನನ್ನು ಆ ಕೈಯ ಲೆಕ್ಕದಿಂದಲೇ ಬಿಡುವುದು ಯಾವ ನ್ಯಾಯಕ್ಕೂ ಒಪ್ಪುವ ಮಾತಲ್ಲ.