ದುಡ್ಡು ಕೊಟ್ಟು ತಂದ ಜೇಕು

ಕಳೆದ ವರ್ಷ ಜೂನ್‌ನಲ್ಲಿ ಮೈಸೂರಿನ ರಸ್ತೆಬದಿಯ ನರ್ಸರಿಯೊಂದರಲ್ಲಿ 120 ರೂಪಾಯಿ ಕೊಟ್ಟು ಒಂದು ಗಿಡ ಕೊಂಡೆ. ಮೊಣಕಾಲೆತ್ತರದ ಹಸಿರು ಕಡ್ಡಿಗಳು, ಪ್ರತಿ ಕಡ್ಡಿಯ ತುದಿಯಲ್ಲೂ ಬಿಚ್ಚಿದ ಕೊಡೆಯ ಹಾಗೆ ಸುತ್ತ ಹರಡಿದ ಎಲೆಗಳು. ಮಾರುವಾತ ಅದನ್ನು ‘ಅಂಬ್ರೆಲಾ ಪಾಮ್’ ಅಂದ. ಪಕ್ಕದಲ್ಲಿ ಗುಲಾಬಿ ಆರಿಸುತ್ತಿದ್ದ ಹೆಂಗಸು ‘ಅಂಬ್ರೆಲಾ ಗ್ರಾಸ್’ ಎಂದು ತಿದ್ದಿದರು. ಅದು ತಾಳೆಯೂ ಅಲ್ಲ, ಹುಲ್ಲೂ ಅಲ್ಲ ಎಂದು ಆಮೇಲೆ ತಿಳಿಯಿತು. ಸಸ್ಯಶಾಸ್ತ್ರಜ್ಞರು ಸೈಪರಸ್ ಎಂದು ಕರೆಯುವ ಕುಲದ್ದು. ಆಫ್ರಿಕಾ, ಮಡಗಾಸ್ಕರ್ ಕಡೆಯ ಜೌಗುನೆಲದಿಂದ ಹೊರಟು ಜಗತ್ತಿನ ತೋಟಗಳಿಗೆಲ್ಲ ಹರಡಿಕೊಂಡ ಗಿಡ.

ನನ್ನ ಕೈಯಲ್ಲಿ ಅದುವರೆಗೆ ಮೂರು ಗಿಡಗಳು ಸತ್ತಿದ್ದವು, ಮೂರೂ ನೀರು ಹೆಚ್ಚಾಗಿ. ಈ ಗಿಡಕ್ಕೆ ನೀರು ಹೆಚ್ಚಾಗುವುದೆಂಬುದೇ ಇಲ್ಲ. ತೂತಿಲ್ಲದ ಬಕೆಟ್ಟಿನಲ್ಲಿ ಜಿಗುಟು ಮಣ್ಣು, ಸ್ವಲ್ಪ ಗೊಬ್ಬರ, ಬೇರು ಮುಳುಗುವಷ್ಟು ನೀರು, ಬೆಳಗಿನ ಬಿಸಿಲು, ಇಷ್ಟಾದರೆ ಸಾಕು. ನೀರು ಬತ್ತಿದರೆ ಮಾತ್ರ ಎರಡೇ ದಿನದಲ್ಲಿ ಕೊಡೆಯ ಅಂಚು ಕಂದುಗಟ್ಟುತ್ತದೆ. ಹಾಗೆ ಒಣಗಿದ ಕಡ್ಡಿ ಮತ್ತೆ ಹಸಿರಾಗುವುದಿಲ್ಲ. ಬುಡಕ್ಕೆ ಕತ್ತರಿಸಬೇಕು, ಆಗ ಮಣ್ಣೊಳಗಿನ ಗೆಡ್ಡೆಬೇರಿನಿಂದ ಹೊಸ ಮೊಳಕೆ ಏಳುತ್ತದೆ. ಸೊಳ್ಳೆಮರಿಯ ತಾಪತ್ರಯ ಬೇರೆ. ಡೆಂಗಿ ಸಮೀಕ್ಷೆಗೆ ಬಂದ ಆಶಾ ಕಾರ್ಯಕರ್ತೆ ಬಕೆಟ್ಟಿನೊಳಗೆ ಟಾರ್ಚು ಬಿಟ್ಟು ನೋಡಿ, ವಾರಕ್ಕೊಮ್ಮೆ ನೀರು ಚೆಲ್ಲದಿದ್ದರೆ ಗಿಡವನ್ನೇ ಚೆಲ್ಲಿಸುತ್ತೇನೆಂದು ಗದರಿ ಹೋದರು. ಅಂದಿನಿಂದ ಭಾನುವಾರದ ಮೊದಲ ಕೆಲಸ ಅದೇ ಆಯಿತು. ಪಿಎಚ್‌ಡಿಯ ನಾಲ್ಕನೇ ವರ್ಷದಲ್ಲಿರುವವರಿಗೆ ಗೊತ್ತಿರುತ್ತದೆ: ವಾರಕ್ಕೊಮ್ಮೆ ಮುಗಿಯುವ, ಮುಗಿದದ್ದು ಕಣ್ಣಿಗೆ ಕಾಣುವ ಒಂದೇ ಒಂದು ಕೆಲಸವಿದ್ದರೂ ಅದು ದೊಡ್ಡ ಆಧಾರ.

ಇದಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದು ಮರಿ ಹಾಕುವ ರೀತಿ. ಕೊಡೆಯನ್ನು ಎರಡು ಬೆರಳುದ್ದ ಕಡ್ಡಿಯ ಸಮೇತ ಕತ್ತರಿಸಿ, ಎಲೆಗಳನ್ನು ಅರ್ಧಕ್ಕೆ ಕುಗ್ಗಿಸಿ, ತಲೆಕೆಳಗಾಗಿ ನೀರಿನಲ್ಲಿ ಬಿಡಬೇಕು. ಎರಡು ಮೂರು ವಾರದಲ್ಲಿ ಎಲೆಗಳು ಕೂಡುವ ನಡುವಿನಿಂದ ಬಿಳಿ ಬೇರು ಕೆಳಕ್ಕೆ, ಹಸಿರು ಮೊಳಕೆ ಮೇಲಕ್ಕೆ ಹೊರಡುತ್ತವೆ. ಜೌಗಿನಲ್ಲಿ ಇದು ತಾನೇ ಆಗುವ ಕೆಲಸ. ಮುದಿಯಾದ ಕಡ್ಡಿ ಬಾಗಿ, ತಲೆ ನೀರಿಗೆ ತಾಗಿ, ತಾಗಿದಲ್ಲೇ ಇನ್ನೊಂದು ಗಿಡವಾಗುತ್ತದೆ.

ಆಗಸ್ಟಿನಲ್ಲಿ ಅವ್ವ ಬಂದಳು. ನಮ್ಮದು ಮಂಡ್ಯ ಜಿಲ್ಲೆಯ ವಿಶ್ವೇಶ್ವರಯ್ಯ ನಾಲೆಯ ಬಯಲಿನ ಊರು. ನಮ್ಮ ಸ್ವಂತ ಗದ್ದೆ ಹತ್ತು ಗುಂಟೆ. ಅವ್ವ ತನ್ನ ಆಯುಷ್ಯದ ಹೆಚ್ಚು ಪಾಲು ಬೇರೆಯವರ ಗದ್ದೆಯಲ್ಲಿ ನಾಟಿ ಹಾಕಿದವಳು, ಕಳೆ ಕಿತ್ತವಳು. ಚೀಲ ಇಳಿಸಿ, ನೀರು ಕುಡಿದು, ಬಾಲ್ಕನಿಗೆ ಹೋದವಳು ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತಳು. ಒಂದು ಕಡ್ಡಿಯ ತುದಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹೊರಳಿಸಿದಳು.

“ಜೇಕು ಅಲ್ವೇನವ್ವ ಇದು?”

“ಅಲ್ಲ ಕನವ್ವ, ಇದು ಬೇರೆ ಜಾತಿ.”

“ಯಾವ ಜಾತಿಯಾದ್ರೇನು, ಕಡ್ಡಿ ಮೂಲೆಮೂಲೆಯಾಗದೆ. ಹುಲ್ಲಿನ ಕಡ್ಡಿ ಹಿಂಗಿರಕಿಲ್ಲ. ಎಷ್ಟು ಕೊಟ್ಟೆ?”

ಹೇಳಿದೆ. ಅವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, “ನೀನು ಹೈಸ್ಕೂಲಲ್ಲಿದ್ದಾಗ ಇದ್ನ ದಿನವೆಲ್ಲ ಕಿತ್ರೆ ಅಷ್ಟು ಕೂಲಿ ಕೊಡೋರು” ಅಂದಳು. ಆ ಮಾತಿನಲ್ಲಿ ಕೊಂಕಿರಲಿಲ್ಲ, ಲೆಕ್ಕ ಮಾತ್ರ ಇತ್ತು. ಆದರೆ ಆ ಕೂಲಿಯಿಂದ ನನ್ನ ಶಾಲೆಯ ಶೂ, ಕಾಲೇಜಿನ ಬಸ್ ಪಾಸು, ಎಂ.ಎ. ಅರ್ಜಿಯ ಶುಲ್ಕ ಎಲ್ಲ ಬಂದಿತ್ತಾದ್ದರಿಂದ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಅವ್ವನ ಬೆರಳು ಹೇಳಿದ್ದು ನಿಜ. ಗದ್ದೆಯ ಜೇಕುಗಳಲ್ಲಿ ಮುಖ್ಯವಾದವು ಇದೇ ಸೈಪರಸ್ ಕುಲದವು. ಹೊಲದ ಕೊನ್ನಾರಿಯೂ ಅದೇ ಕುಲದ್ದು. 1977ರಲ್ಲಿ ಲೆರಾಯ್ ಹೋಮ್ ಮತ್ತು ಅವರ ಸಂಗಡಿಗರು ಜಗತ್ತಿನ ಅತಿ ಕೆಟ್ಟ ಕಳೆಗಳ ಬಗ್ಗೆ ಬರೆದ ದೊಡ್ಡ ಪುಸ್ತಕದಲ್ಲಿ ಕೊನ್ನಾರಿಗೆ ಮೊದಲ ಸ್ಥಾನ. ಮೇಲಿನದನ್ನು ಕಿತ್ತರೆ ನೆಲದೊಳಗೆ ಸರಪಳಿಯ ಹಾಗೆ ಹೆಣೆದುಕೊಂಡ ಗೆಡ್ಡೆಗಳು ಮತ್ತೆ ಚಿಗುರುತ್ತವೆ. ಅದೇ ಗೆಡ್ಡೆ ಗ್ರಂಧಿಗೆ ಅಂಗಡಿಯಲ್ಲಿ ಭದ್ರಮುಷ್ಟಿಯಾಗಿ ತೂಕಕ್ಕೆ ಮಾರಾಟವಾಗುತ್ತದೆ. ಕಾಳಿದಾಸನ ಶಾಕುಂತಲದ ಎರಡನೆಯ ಅಂಕದಲ್ಲಿ ದುಷ್ಯಂತ ಬೇಟೆ ನಿಲ್ಲಿಸಿದಾಗ ಕಾಡುಹಂದಿಗಳು ಹೊಂಡದಲ್ಲಿ ನಿರ್ಭಯವಾಗಿ ಅಗೆಯಲಿ ಎಂದು ಹಾರೈಸುವುದೂ ಈ ಮುಸ್ತೆಯನ್ನೇ. ಹೊಲದವನಿಗೆ ಶನಿ, ವೈದ್ಯನಿಗೆ ಮದ್ದು, ಹಂದಿಗೆ ಹಬ್ಬ. ನಮ್ಮ ಭಾಷೆಯಲ್ಲಿ ‘ಕಳೆ’ ಎಂದರೆ ಕಿತ್ತೆಸೆಯುವ ಗಿಡ, ಲೆಕ್ಕದಲ್ಲಿ ತೆಗೆದುಹಾಕುವುದು, ಮುಖದ ಮೇಲಿನ ಕಾಂತಿ ಕೂಡ. ಮೂರನೆಯದು ಸಂಸ್ಕೃತದ ಕಲೆಯಿಂದ ಬಂದದ್ದು, ಮೊದಲೆರಡಕ್ಕೆ ಸಂಬಂಧವಿಲ್ಲ ಎಂದು ನನಗೂ ಗೊತ್ತು. ಆದರೂ ಒಂದೇ ಬಾಯಲ್ಲಿ ಮೂರೂ ಇವೆ.

ಕೃಷಿ ವಿಜ್ಞಾನದ ಪಠ್ಯಗಳು ಕಳೆಯನ್ನು ಬೇಡದ ಜಾಗದಲ್ಲಿ ಬೆಳೆದ ಗಿಡ ಎಂದು ವಿವರಿಸುತ್ತವೆ. ಬಹಳ ದಿನ ನನಗೆ ಈ ವಿವರಣೆ ಉದಾರವಾಗಿ ಕಂಡಿತ್ತು: ಗಿಡದಲ್ಲಿ ದೋಷವಿಲ್ಲ, ಜಾಗದಲ್ಲಿದೆ. ಅವ್ವ ನಕ್ಕ ಮೇಲೆ ಅದರಲ್ಲಿ ಬಿಟ್ಟುಹೋದದ್ದು ಕಾಣತೊಡಗಿತು. ಬೇಡ ಎನ್ನುವವರು ಒಬ್ಬರು, ಬಗ್ಗಿ ಕೀಳುವವರು ಇನ್ನೊಬ್ಬರು. ಗದ್ದೆಯ ಯಜಮಾನ ಬದುವಿನ ಮೇಲೆ ಕೊಡೆ ಹಿಡಿದು ನಿಂತಿರುತ್ತಿದ್ದ. ಅವನಿಗೆ ಜೇಕಿನ ಮೇಲೆ ದ್ವೇಷವಿತ್ತೋ ಇಲ್ಲವೋ, ಅವ್ವನಿಗಂತೂ ಇರಲಿಲ್ಲ. ಅವಳಿಗಿದ್ದದ್ದು ಸೊಂಟನೋವು. ಮತ್ತು ನನಗೆ, ಎರಡೂ ಇಲ್ಲದವಳಿಗೆ, ಪ್ರೀತಿ. ಹಾಗಾದರೆ ನನ್ನ ಈ ಪ್ರೀತಿ ಯಾವುದು? ಆ ಗಿಡದಿಂದ ಏಟು ತಿನ್ನಬೇಕಾಗಿಲ್ಲದವರಿಗೆ ಮಾತ್ರ ಸಿಗುವ ಒಂದು ಸೌಕರ್ಯವೇ?

ಪ್ರಶ್ನೆ ಬಕೆಟ್ಟಿನಲ್ಲಿ ನಿಲ್ಲುವಂಥದ್ದಾಗಿರಲಿಲ್ಲ. ನನ್ನ ಸಂಶೋಧನೆ ಇರುವುದೇ ನಾಟಿ ಮತ್ತು ಕಳೆ ಕೀಳುವ ಹೆಂಗಸರ ಹಾಡುಗಳ ಮೇಲೆ. ಮೂರನೇ ಅಧ್ಯಾಯದಲ್ಲಿ, ಶ್ರಮದ ಲಯವೇ ಹಾಡಿನ ಲಯವಾಗುತ್ತದೆ ಎಂದು ಹತ್ತು ಪುಟ ಬರೆದಿದ್ದೇನೆ. ಅದನ್ನು ಅವ್ವನಿಗೆ ಓದಿ ಹೇಳಿದೆ. ಅವಳು ಪೂರ್ತಿ ಕೇಳಿ, “ಚೆಂದಾಗದೆ. ಆದ್ರೆ ಮಧ್ಯಾನದ ಮೇಲೆ ಯಾರೂ ಹಾಡ್ತಿರ್ನಿಲ್ಲ ಕನವ್ವ, ಉಸ್ರು ಎಲ್ಲಿರ್ತಿತ್ತು?” ಅಂದಳು. ನನ್ನ ಧ್ವನಿಮುದ್ರಣಗಳನ್ನು ತೆಗೆದು ನೋಡಿದೆ. ಎಲ್ಲವೂ ಹೆಂಗಸರನ್ನು ಜಗುಲಿಯ ಮೇಲೆ ಕೂರಿಸಿ, ಟೀ ಕೊಟ್ಟು ಹಾಡಿಸಿದವು. ನಾನು ಹಾಡನ್ನು ಗದ್ದೆಯಿಂದ ಕಿತ್ತು ಕುಂಡಕ್ಕೆ ಹಾಕಿದ್ದೆ. ಕುಂಡದಲ್ಲಿ ಅದು ಸೊಗಸಾಗಿಯೇ ಬೆಳೆದಿತ್ತು.

ಹಾಗೆಂದು ನನ್ನ ಅಕ್ಕರೆಯೆಲ್ಲ ಸುಳ್ಳು ಎಂದುಬಿಡುವುದೂ ಸುಲಭದ ದಾರಿ. ನಮ್ಮ ವಿಭಾಗದ ಕ್ಯಾಂಟೀನಿನಲ್ಲಿ ಆ ಮಾತಿಗೆ ಬೇಗ ಚಪ್ಪಾಳೆ ಬೀಳುತ್ತದೆ. ಅವ್ವ ಇದ್ದ ಆ ವಾರದಲ್ಲಿ ನಾನು ಗಮನಿಸಿದ್ದು ಬೇರೆ. ಆ ಗಿಡವನ್ನು ನನಗಿಂತ ಅವಳೇ ಚೆನ್ನಾಗಿ ನೋಡುತ್ತಿದ್ದಳು. ಎಲೆ ಕೂಡುವಲ್ಲಿ ಹೇನು ಕೂತದ್ದನ್ನು ಅವಳೇ ಕಂಡದ್ದು. ಹೊಸ ಮೊಳಕೆ ಯಾವ ಮಗ್ಗುಲಿಗೆ ಏಳುತ್ತದೆಂದು ಮಣ್ಣು ಕೆದಕದೆ ಹೇಳಿದಳು. ನಾಟಿಯಾದ 20–25 ದಿನಕ್ಕೆ ಮೊದಲ ಕಳೆಗೆ ಇಳಿದಾಗ ಭತ್ತದ ಪೈರನ್ನೇ ಹೋಲುವ ಒಂದು ಹುಲ್ಲಿರುತ್ತದೆ. ಎಲೆ ಕಾಂಡಕ್ಕೆ ಕೂಡುವಲ್ಲಿ ಭತ್ತಕ್ಕೆ ತೆಳು ಪೊರೆಯೊಂದಿರುತ್ತದೆ, ಆ ಹುಲ್ಲಿಗೆ ಇರುವುದಿಲ್ಲ. ಬೆರಳು ಅದನ್ನು ಕಣ್ಣಿಗಿಂತ ಮೊದಲು ತಿಳಿಯಬೇಕು. ತಲೆಮಾರುಗಟ್ಟಲೆ ಕೈಗಳು ಹೋಲದ್ದನ್ನು ಕಿತ್ತು, ಹೋಲುವುದನ್ನು ತಪ್ಪಿ ಬಿಟ್ಟದ್ದರಿಂದಲೇ ಆ ಹುಲ್ಲು ಭತ್ತದ ವೇಷ ತೊಟ್ಟಿತು ಎನ್ನುತ್ತದೆ ವಿಜ್ಞಾನ. ಅಂದರೆ ಅವ್ವನಂಥವರು ಬೆಳೆಯನ್ನು ಮಾತ್ರವಲ್ಲ, ಕಳೆಯನ್ನೂ ರೂಪಿಸಿದವರು. ಅಷ್ಟು ಹತ್ತಿರದ ನೋಟಕ್ಕೆ ನಾವು ಪ್ರೀತಿ ಎನ್ನುವುದಿಲ್ಲ, ಅದು ಕೊಲ್ಲುವ ಕೆಲಸದಲ್ಲಿದೆ ಎಂಬ ಒಂದೇ ಕಾರಣಕ್ಕೆ. ನನ್ನ ಭಾನುವಾರದ ನೀರಿಗೆ ಮಾತ್ರ ಆ ಹೆಸರು ಸಲೀಸಾಗಿ ಸಿಗುತ್ತದೆ.

ಇಲ್ಲಿ ಒಂದು ಅಡ್ಡಮಾತು; ಕನ್ನಡ ಎಂ.ಎ. ಓದಿದ ಯಾರಿಗೂ ಇದನ್ನು ಹೇಳದೆ ಮುಂದೆ ಹೋಗಲಾಗುವುದಿಲ್ಲ. ಪ್ರಾಚೀನ ಈಜಿಪ್ಟಿನವರು ಬರೆಯುತ್ತಿದ್ದ ಪಪೈರಸ್ ಕೂಡ ಒಂದು ಸೈಪರಸ್, ನನ್ನ ಬಕೆಟ್ಟಿನ ಗಿಡದ ದೊಡ್ಡಕ್ಕ. ಅದರ ಕಾಂಡದ ತಿರುಳನ್ನು ಸೀಳಿ, ಅಡ್ಡ ಉದ್ದ ಹಾಸಿ, ಒತ್ತಿ ಒಣಗಿಸಿದರೆ ಹಾಳೆ. ಆಕ್ಸಿರಿಂಕಸ್ ಎಂಬ ಊರಿನ ಕಸದ ದಿಬ್ಬಗಳನ್ನು 19ನೇ ಶತಮಾನದ ಕೊನೆಯಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಅಗೆದಾಗ ಸಿಕ್ಕ ಸಾವಿರಾರು ಹಾಳೆಗಳಲ್ಲಿ ಒಂದು ಗ್ರೀಕ್ ಪ್ರಹಸನವಿತ್ತು. ಭಾರತದ ಕರಾವಳಿಯಲ್ಲಿ ಸಿಕ್ಕಿಬಿದ್ದ ಖಾರಿಟಿಯನ್ ಎಂಬ ಗ್ರೀಕ್ ಹುಡುಗಿಯ ಕಥೆ. ಅದರೊಳಗಿನ ಪರಕೀಯ ಮಾತುಗಳು ಕನ್ನಡವೆಂದು 1904ರಲ್ಲಿ ಹುಲ್ಷ್ ವಾದಿಸಿದರು, ಆರ್. ಶಾಮಶಾಸ್ತ್ರಿ, ಗೋವಿಂದ ಪೈ ಆ ಜಾಡಿನಲ್ಲಿ ಓದಿದರು. ಒಪ್ಪದ ವಿದ್ವಾಂಸರೂ ಇದ್ದಾರೆ. ಕನ್ನಡವೇ ಆಗಿದ್ದರೆ, ನಮ್ಮ ಅಷ್ಟು ಹಳೆಯ ಮಾತು ಉಳಿದದ್ದು ಒಂದು ಜೇಕಿನ ಮೈಮೇಲೆ, ಒಂದು ತಿಪ್ಪೆಯಲ್ಲಿ. ಇದನ್ನು ಅವ್ವನಿಗೆ ಹೇಳಿದಾಗ, “ತಿಪ್ಪೆಗೆ ಎಸೆದೋರು ಯಾರು, ಎತ್ತಿಟ್ಟುಕೊಂಡೋರು ಯಾರು” ಎಂದಷ್ಟೇ ಕೇಳಿ ಸೊಪ್ಪು ಸೋಸುತ್ತ ಕೂತಳು.

ಜನವರಿ ಹೊತ್ತಿಗೆ ಗಿಡ ಬಕೆಟ್ಟನ್ನೇ ಸೀಳಿತು. ನಾನು ಉತ್ಸಾಹದಲ್ಲಿ ತಲೆಕೆಳಗು ಮಾಡಿ ಬಿಟ್ಟ ಕೊಡೆಗಳು ಬೇರೆ ಹನ್ನೊಂದು ಮರಿಯಾಗಿ ನಾಲ್ಕು ಡಬ್ಬಿಗಳಲ್ಲಿದ್ದವು. ಗೆಳತಿಯರಿಗೆ ಕೊಟ್ಟೆ, ಗ್ರಂಥಾಲಯದ ಮೆಟ್ಟಿಲ ಬಳಿ ಎರಡಿಟ್ಟೆ. ಇನ್ನೂ ಉಳಿದವು. ಒಬ್ಬ ಸಹಸಂಶೋಧಕ ಸಲಹೆ ಕೊಟ್ಟ: ಕುಕ್ಕರಹಳ್ಳಿ ಕೆರೆ ಹತ್ತಿರವೇ ಇದೆಯಲ್ಲ, ಅಂಚಿನಲ್ಲಿ ನೆಟ್ಟುಬಿಡು, ಬದುಕಿಕೊಳ್ಳುತ್ತವೆ.

ಒಂದು ಸಂಜೆ ಚೀಲದಲ್ಲಿ ಹಾಕಿಕೊಂಡು ಹೋದದ್ದೂ ಹೌದು. ಬದುಕಿಕೊಳ್ಳುತ್ತವೆ ಎಂಬುದರಲ್ಲಿ ಅನುಮಾನವೇ ಇರಲಿಲ್ಲ, ತೊಂದರೆ ಇದ್ದದ್ದೇ ಅಲ್ಲಿ. ಆಸ್ಟ್ರೇಲಿಯಾದಲ್ಲಿ ಈ ಗಿಡ ತೋಟದಿಂದ ತಪ್ಪಿಸಿಕೊಂಡು ಹಳ್ಳಕೊಳ್ಳಗಳ ಅಂಚಿನ ಕಳೆಯಾಗಿದೆ. ಅಷ್ಟು ದೂರ ಹೋಗುವುದೇಕೆ, 19ನೇ ಶತಮಾನದ ಆರಂಭದಲ್ಲಿ ಹೂವಿನ ಚೆಂದಕ್ಕೆಂದು ಭಾರತಕ್ಕೆ ತಂದ ಲಂಟಾನ ಇವತ್ತು ಬಂಡೀಪುರದಲ್ಲಿ ಜಿಂಕೆಗೆ ಹುಲ್ಲು ಸಿಗದ ಹಾಗೆ ಹಬ್ಬಿದೆ. ಅದನ್ನು ತಂದವರಿಗೂ ಗಿಡದ ಮೇಲೆ ಅಕ್ಕರೆಯೇ ಇದ್ದಿರಬೇಕು. ಕೆರೆಯ ಏರಿಯ ಮೇಲೆ ನಿಂತಾಗ ನೀರಿನಾಚೆ ಮರದಲ್ಲಿ ಹೆಜ್ಜಾರ್ಲೆಗಳು ಕೂತಿದ್ದವು. ಅಂಚಿನಲ್ಲಿ ಕೆರೆಯದೇ ಜೊಂಡು ಇತ್ತು. ಇಲ್ಲಿ ನೆಟ್ಟರೆ ‘ಬಿಡುಗಡೆ ಮಾಡಿದೆ’ ಎಂದು ಹೇಳಿಕೊಳ್ಳಬಹುದಿತ್ತು. ಆದರೆ ನಾನು ಮಾಡುತ್ತಿದ್ದದ್ದು, ಸಾಕಲಾರದ್ದನ್ನು ಕೊಲ್ಲಲೂ ಆಗದೆ ಕೆರೆಯ ತಲೆಗೆ ಕಟ್ಟುವುದು. ನಾಳೆ ಅದು ಹಬ್ಬಿದರೆ ಸೊಂಟಮಟ್ಟ ನೀರಿಗೆ ಇಳಿದು ಕೀಳುವವರು ಪಿಎಚ್‌ಡಿ ಮಾಡುತ್ತಿರುವವರಂತೂ ಆಗಿರುವುದಿಲ್ಲ. ದಿನಗೂಲಿಗೆ ಬಂದ ಯಾರದೋ ಅವ್ವನೇ ಇಳಿಯಬೇಕು. ಚೀಲ ವಾಪಸು ತಂದೆ.

ಅವ್ವನಿಗೆ ಫೋನು ಮಾಡಿದೆ. ಗದ್ದೆಯಲ್ಲಿ ಬೇರೆ ಕಳೆಯನ್ನು ಮುರಿಗೆ ಮಾಡಿ ಕೆಸರಿಗೆ ತುಳಿಯುತ್ತಾರೆ, ಗೊಬ್ಬರವಾಗುತ್ತದೆ. ಜೇಕನ್ನು ಮಾತ್ರ ತುಳಿಯಬಾರದು, ಮತ್ತೆ ಬೇರು ಹಿಡಿಯುತ್ತದೆ. “ಬದಿನ ಮ್ಯಾಲೆ ಬೇರು ಮೇಲ್ಮಾಡಿ ಒಗೀಬೇಕು, ತಲೆ ಕೆಳಿಕ್ಕೆ” ಅಂದಳು.

“ಇದು ತಲೆ ಕೆಳಗಾದ್ರೇ ಹುಟ್ಟೋದು ಕನವ್ವ.”

ಆಚೆ ಸ್ವಲ್ಪ ಹೊತ್ತು ಮಾತಿಲ್ಲ. “ಅಂಗಾರೆ ತಲೆ ಬ್ಯಾರೆ, ಬೇರು ಬ್ಯಾರೆ ಕತ್ತರಿಸು. ಬಿಸ್ಲಲ್ಲಿ ಹಾಕು. ನೋಡ್ತಿರು.”

ಭಾನುವಾರ ತಾರಸಿಯ ಮೇಲೆ ಕೂತು ಕತ್ತರಿಸಿದೆ. ಎರಡು ಗಂಟೆ ಹಿಡಿಯಿತು. ಒಂದು ಬುಡವನ್ನು ಮಾತ್ರ ಹೊಸ ಬಕೆಟ್ಟಿಗೆ ಹಾಕಿಟ್ಟೆ, ಅದಕ್ಕೆ ಸಮರ್ಥನೆಯೇನೂ ಇಲ್ಲ. ಕೊಡೆಗಳು ಮೂರು ದಿನದಲ್ಲಿ ಒಣಗಿ ಹಗುರಾದವು. ಗೆಡ್ಡೆಬೇರು ಹಠ ಹಿಡಿದವು. ಒಂಬತ್ತನೆಯ ದಿನವೂ ಮುರಿದರೆ ಒಳಗೆ ಬಿಳಿಯ ಹಸಿ ಇತ್ತು. ದಿನಾ ಸಂಜೆ ಹೋಗಿ ಒಂದೊಂದನ್ನು ಎತ್ತಿ, ಉಗುರಿನಿಂದ ಗೀರಿ ನೋಡುತ್ತಿದ್ದೇನೆ. ನಿನ್ನೆ ಮೋಡ ಕವಿದು ಎರಡು ಹನಿ ಬಿದ್ದವು. ಓಡಿಹೋಗಿ ಎಲ್ಲವನ್ನೂ ಬಾಚಿ ಒಳಗೆ ತಂದೆ.