ಯಾರ ಕಡೆಯಿಂದ ಬಂತು?

ಕೆಲವು ವರ್ಷಗಳ ಹಿಂದಿನ ಮಾತು. ಅಣ್ಣನ ಮಗಳನ್ನು ನೋಡಲು ಗಂಡಿನ ಕಡೆಯವರು ಹಿರೇಗುಂಟನೂರಿನ ನಮ್ಮ ಮನೆಗೆ ಬಂದಿದ್ದರು. ಉಪ್ಪಿಟ್ಟು, ಕೇಸರಿಬಾತು ಮುಗಿದು ಮಾತು ಕೂಡಿಬರುವ ಹೊತ್ತಿಗೆ ಹುಡುಗನ ತಾಯಿ ಮೆಲ್ಲಗೆ ಕೇಳಿದರು: "ಟೀಚರೇ, ನಿಮ್ಮ ಮನೆತನದಲ್ಲಿ ಶುಗರ್ ಗಿಗರ್ ಏನೂ ಇಲ್ಲ ತಾನೆ?"

ಒಳಗಿನ ಕೋಣೆಯಲ್ಲಿ ಅವ್ವ ಇನ್ಸುಲಿನ್ ಚುಚ್ಚಿಸಿಕೊಂಡು ಮಲಗಿದ್ದಳು. ಅಣ್ಣ ನನ್ನ ಮುಖ ನೋಡಿದ. "ಅಂಥದ್ದೇನೂ ಇಲ್ಲ" ಎಂದುಬಿಟ್ಟೆ. ಸುಳ್ಳು ಹೇಳಬಾರದೆಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದವಳು ನಾನು!

ಮದುವೆಯಾಯಿತು. ಹುಡುಗಿ ಬಸುರಿಯಾದಳು. ಡಾಕ್ಟರಮ್ಮ "ತವರಿನಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯೇನಮ್ಮಾ?" ಎಂದು ಕೇಳಿದಾಗ ಪಕ್ಕದಲ್ಲೇ ಅತ್ತೆ ಇದ್ದರು. ನನ್ನ ಮಾತು ಉಳಿಸಲು ಅವಳೂ "ಇಲ್ಲ" ಎಂದಳು. ಗುಟ್ಟು ಬಯಲಾದೀತೆಂದು ರಕ್ತಪರೀಕ್ಷೆಯನ್ನೂ ಏನೇನೋ ನೆಪ ಹೇಳಿ ಮುಂದೂಡಿದಳು. ಏಳನೇ ತಿಂಗಳಲ್ಲಿ ಸಕ್ಕರೆ ವಿಪರೀತ ಏರಿರುವುದು ತಿಳಿಯಿತು. ದೇವರ ದಯೆ, ತಾಯಿ ಮಗು ಇಬ್ಬರೂ ಉಳಿದರು. ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ಕಳೆದ ಆ ರಾತ್ರಿಗಳನ್ನು ನಾನು ಮರೆಯಲಾರೆ.

"ಯಾರ ಕಡೆಯಿಂದ ಬಂತು ಇದು?" ಎಂದು ಬೀಗಿತ್ತಿ ಕೇಳಿದರು. ಅವರ ಮನೆಯಲ್ಲೂ ಇಬ್ಬರಿಗೆ ಹೃದಯದ ಆಪರೇಷನ್ ಆಗಿದ್ದುದು ನಮಗೆ ತಿಳಿದದ್ದು ಆಮೇಲೆ. ಅವರು ಹೇಳಿರಲಿಲ್ಲ, ನಾವು ಕೇಳಿರಲಿಲ್ಲ. ಗಂಡಿನ ಕಡೆಯವರನ್ನು ಹಾಗೆಲ್ಲ ಕೇಳುವ ರೂಢಿ ನಮ್ಮಲ್ಲಿ ಎಲ್ಲಿದೆ, ನೀವೇ ಹೇಳಿ?

ಈ ಪ್ರಶ್ನೆ ಹಿಡಿದುಕೊಂಡು ನಮ್ಮ ಶಾಲೆಯ ವಿಜ್ಞಾನದ ಮೇಡಂ ಬಳಿ ಕೂತೆ. ಸಕ್ಕರೆ, ಬಿ.ಪಿ., ಹೃದಯದ ಕಾಯಿಲೆಗಳು ಸಾಮಾನ್ಯವಾಗಿ ಒಂದೇ ವಂಶವಾಹಿಯ ತಪ್ಪಿನಿಂದ ಬರುವುದಿಲ್ಲವಂತೆ. ನೂರಾರು ಸಣ್ಣ ವ್ಯತ್ಯಾಸಗಳು, ಒಂದೊಂದೂ ಅಪಾಯವನ್ನು ಒಂದಿಷ್ಟೇ ಹೆಚ್ಚಿಸುತ್ತವೆ. ತಾಯಿಯಿಂದ ಕೆಲವು, ತಂದೆಯಿಂದ ಕೆಲವು. ಅದರ ಮೇಲೆ ಊಟ, ಓಡಾಟ, ವಯಸ್ಸು, ಚಿಂತೆ.

ಇನ್ನೂ ಒಂದು ಸೋಜಿಗವೆಂದರೆ, ಒಂದೇ ವ್ಯತ್ಯಾಸ ಹಲವು ಕಾಯಿಲೆಗಳಿಗೆ ಬಾಗಿಲು ತೆರೆಯಬಹುದು. 2007ರಲ್ಲಿ ಬ್ರಿಟನ್ನಿನಲ್ಲಿ 7 ಸಾಮಾನ್ಯ ಕಾಯಿಲೆಗಳ ಸುಮಾರು 14,000 ರೋಗಿಗಳನ್ನು 3,000 ಜನರೊಂದಿಗೆ ಹೋಲಿಸಿ ನೋಡಿದರು. ಕೀಲುಗಳನ್ನು ತಿನ್ನುವ ಸಂಧಿವಾತಕ್ಕೂ ಮಕ್ಕಳಲ್ಲಿ ಹೆಚ್ಚಾಗಿ ಕಾಣಿಸುವ ಬಗೆಯ ಸಕ್ಕರೆ ಕಾಯಿಲೆಗೂ ಒಂದೇ ವಂಶವಾಹಿಯ ನಂಟು ಕಂಡಿತು. ಒಂದೇ ಮನೆಯಲ್ಲಿ ಅಕ್ಕನಿಗೊಂದು, ತಂಗಿಗೊಂದು ಕಾಯಿಲೆ ಬಂದರೆ ಎರಡರ ಬೇರೂ ಒಂದೇ ಇರಬಹುದು.

2009ರಲ್ಲಿ ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯ ವಿಜ್ಞಾನಿಗಳು ಇತರರೊಡಗೂಡಿ ಪ್ರಕಟಿಸಿದ ವಿಷಯ ಇನ್ನೂ ಕಣ್ಣು ತೆರೆಸುವಂಥದು. ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಲ್ಲ ಒಂದು ವ್ಯತ್ಯಾಸ ನಮ್ಮ ಉಪಖಂಡದ 100 ಜನರಲ್ಲಿ ಸುಮಾರು 4 ಮಂದಿಯಲ್ಲಿದೆ. ಅಂದರೆ ಕೋಟಿಗಟ್ಟಲೆ ಜನ! ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ 10,000 ಭಾರತೀಯರ ವಂಶವಾಹಿಗಳನ್ನು ಓದಿದ ಮಾಹಿತಿಯೂ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿದೆ.

ಹಾಗಾದರೆ "ಶುದ್ಧ ಮನೆತನ" ಎಂಬುದು ಯಾವುದು? ನಾವು ಹುಡುಕುತ್ತಿರುವುದು ಇಲ್ಲದ ವಸ್ತುವನ್ನು. ಯಾರೂ ಬೇಕೆಂದು ಮಗುವಿಗೆ ಕಾಯಿಲೆ ಕೊಡುವುದಿಲ್ಲ. ಅದು ಪಾಪವೂ ಅಲ್ಲ, ಕಳಂಕವೂ ಅಲ್ಲ. ಆದರೆ ತಿಳಿದೂ ಮುಚ್ಚಿಟ್ಟದ್ದು? ಅದು ನನ್ನದೇ ತಪ್ಪು.

ನಿಜ ಹೇಳಿದ್ದರೆ ಆ ಸಂಬಂಧ ತಪ್ಪುತ್ತಿತ್ತೇನೋ. ಹೆಣ್ಣು ಹೆತ್ತವರ ಆ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಸತ್ಯದ ಬೆಲೆಯನ್ನು ಹೆಣ್ಣಿನ ಕಡೆಯವರೇ ತೆರಬೇಕೆಂದರೆ ಅದು ನ್ಯಾಯವೂ ಅಲ್ಲ. ಕೇಳುವುದಾದರೆ ಎರಡೂ ಕಡೆ ಕೇಳಬೇಕು, ಬೇಡವೆನ್ನಲಿಕ್ಕಲ್ಲ, ಜೋಪಾನ ಮಾಡಲಿಕ್ಕೆ. ಇಷ್ಟಂತೂ ಖಚಿತ: ಬೀಗರಿಂದ ಉಳಿಸಿಕೊಂಡ ಮಾನದ ಸಾಲವನ್ನು ನಮ್ಮ ಹುಡುಗಿ ತನ್ನ ಮೈಯಿಂದ ತೀರಿಸಿದಳು.

ಮಗುವಿನ ನಾಮಕರಣದ ದಿನ ಬೀಗಿತ್ತಿಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಒಂದು ನೋಟ್‌ಬುಕ್ ತೆಗೆದು, ಅವ್ವನಿಂದ ಶುರುಮಾಡಿ ನಮ್ಮ ಮನೆಯಲ್ಲಿ ಯಾರಿಗೆ ಯಾವ ವಯಸ್ಸಿನಲ್ಲಿ ಏನು ಬಂತೆಂದು ಬರೆದೆ. ಬಹಳ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ ಕನ್ನಡಕ ಸರಿಮಾಡಿಕೊಂಡು ಹತ್ತಿರ ಬಂದು ಕೂತರು.

"ಬರ್ಕೊಳ್ಳಿ ಟೀಚರೇ, ನಮ್ಮ ಯಜಮಾನರದ್ದೂ ಇದೆ."